ಚೂರಕ್ಕನ ಒಂದೇ ಕ್ರಿಯಾಪದ

ಬಿಸ್ಕತ್ತಿನ ಕಾರ್ಖಾನೆಯಲ್ಲಿ ಇಡಿಯಾಗಿ ಉಳಿದದ್ದಕ್ಕೆ ಸಲ್ಲುವ ಮರ್ಯಾದೆ ಮುರಿದದ್ದಕ್ಕೆ ಸಲ್ಲುವುದಿಲ್ಲ. ಇಡೀ ಬಿಸ್ಕತ್ತು ಮದುವಣಗಿತ್ತಿಯ ಹಾಗೆ ಹೊಳೆಯುವ ಕಾಗದ ಸುತ್ತಿಕೊಂಡು ಮುಂಬಾಗಿಲಿನಿಂದ ಲಾರಿ ಏರಿ ಹೋಗುತ್ತದೆ. ಮುರಿದದ್ದು ತಗಡಿನ ತಟ್ಟೆಗಳಲ್ಲಿ ತಲೆ ತಗ್ಗಿಸಿಕೊಂಡು ಹಿಂಬಾಗಿಲ ಪಕ್ಕದ ಕೋಣೆಗೆ ಬರುತ್ತದೆ. ಆ ಕೋಣೆಗೆ ಕಿಟಕಿ ಒಂದು, ಮೇಜು ಒಂದು, ತಕ್ಕಡಿ ಒಂದು. ಬೀಸಿ ಹಿಟ್ಟು ಮಾಡಬೇಕಾದ ಚೂರು ಯಾವುದು, ಅಗ್ಗದ ಪೊಟ್ಟಣಕ್ಕೆ ಹೋಗಬಹುದಾದ ಚೂರು ಯಾವುದು ಎಂದು ಹನ್ನೆರಡು ವರ್ಷಗಳಿಂದ ಅಲ್ಲಿ ಕುಳಿತು ಬೇರ್ಪಡಿಸುತ್ತಿದ್ದ ಹೆಂಗಸನ್ನು ಕಾರ್ಖಾನೆಯವರೆಲ್ಲ ಚೂರಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಯಾರೂ ಹೇಳದಿದ್ದರೂ ಚೂರಕ್ಕ ಆ ಚೂರುಗಳನ್ನು ಇನ್ನೊಂದು ಬಗೆಯಲ್ಲಿಯೂ ವಿಂಗಡಿಸುತ್ತಿದ್ದಳು. ಅವಳ ಮೇಜಿನ ಕೆಳಗೆ ಮೂರು ಹಳೆಯ ಡಬ್ಬಿಗಳಿದ್ದವು. ಮೂಲೆ ಮುಕ್ಕಾದ ಬಿಸ್ಕತ್ತು ಮೊದಲನೆಯ ಡಬ್ಬಿಗೆ: ಅದು ಪೊಟ್ಟಣ ತುಂಬುವವರ ಕೈಯಲ್ಲಿ ಮುರಿದದ್ದು. ಅಂಚು ಇಲಿ ಕಚ್ಚಿದಂತಾದದ್ದು ಎರಡನೆಯದಕ್ಕೆ: ಅದು ಓಡುವ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಬೀಳುವಾಗ ಮುರಿದದ್ದು. ನಟ್ಟನಡುವೆ ಬೈತಲೆ ತೆಗೆದಂತೆ ನೇರವಾಗಿ ಸೀಳಿದ್ದು ಮೂರನೆಯದಕ್ಕೆ. ಒಲೆಯಿಂದ ಹೊರಬಿದ್ದ ಕೂಡಲೇ ಫ್ಯಾನಿನ ತಣ್ಣನೆಯ ಗಾಳಿ ಬಡಿದರೆ ಬಿಸ್ಕತ್ತಿನ ಅಂಚು ಆರುತ್ತದೆ, ನಡು ಆರುವುದಿಲ್ಲ; ಒಳಗೊಳಗೇ ಬಿರಿಯುತ್ತದೆ. ಕಣ್ಣಿಗೆ ಇಡಿಯಾಗಿಯೇ ಕಂಡು, ಪೊಟ್ಟಣಕ್ಕೆ ತುಂಬುವಾಗಲೋ ಪೊಟ್ಟಣದೊಳಗೆ ಹೋದ ಮೇಲೋ ಎರಡಾಗುತ್ತದೆ. ಮುರಿದದ್ದು ಮೂಕವಲ್ಲ, ಎಲ್ಲಿ ಪೆಟ್ಟು ಬಿತ್ತೆಂದು ಅದೇ ಹೇಳುತ್ತದೆ ಎಂಬುದು ಚೂರಕ್ಕನ ನಂಬಿಕೆ. ಕೇಳುವ ಕಿವಿ ಮಾತ್ರ ಅವಳೊಬ್ಬಳದು.

ಆ ವರ್ಷ ಮುರಿತ ಎರಡು ಪಟ್ಟಾಯಿತು. ಮೂರನೆಯ ಡಬ್ಬಿ ವಾರಕ್ಕೆರಡು ಸಲ ತುಂಬಿ ಚೆಲ್ಲುತ್ತಿತ್ತು. ಆದರೆ ಒಲೆಯ ಮೇಸ್ತ್ರಿ, ಮೀಸೆಯ ತುದಿಯಷ್ಟೇ ಮಾತನ್ನೂ ಚೂಪಾಗಿಟ್ಟುಕೊಂಡಿದ್ದ ಮನುಷ್ಯ, ತಪ್ಪನ್ನೆಲ್ಲ ಪೊಟ್ಟಣ ತುಂಬುವ ನಲವತ್ತು ಹೆಂಗಸರ ತಲೆಗೆ ಕಟ್ಟಿದ್ದ. "ಕೈ ಒರಟು, ಬಾಯಿ ಮೃದು. ಇದು ಉಲ್ಟಾ ಆಗಬೇಕಿತ್ತು" ಎಂಬುದು ಅವನ ದಿನನಿತ್ಯದ ಸುಪ್ರಭಾತ. ಕಾರ್ಖಾನೆಯನ್ನು ಆಗತಾನೇ ಕೊಂಡಿದ್ದ ದೂರದೇಶದ ಮಾಲೀಕರು ಆ ಮಾತನ್ನು ನಂಬಿದ್ದರು. ವರ್ಷದ ಕೊನೆಯೊಳಗೆ ಮುರಿತ ತಗ್ಗದಿದ್ದರೆ ಆ ಸಾಲಿಗೆ ಯಂತ್ರದ ಕೈಗಳು ಬರುವುದೆಂದೂ, ನಲವತ್ತು ಜನ ಮನೆಗೆ ಹೋಗುವುದೆಂದೂ ನಿಶ್ಚಯವಾಗಿತ್ತು.

ಚೂರಕ್ಕ ತಡೆಯಲಾರದೆ ಒಂದು ದಿನ ಒಲೆಯ ಬಳಿಗೇ ಹೋದಳು.

"ಮೇಸ್ತ್ರಿ, ನಡು ಸೀಳಿದ್ದೇ ಜಾಸ್ತಿ ಬರ್ತಿದೆ. ನೀವು ಹೊಸದಾಗಿ ಹಾಕಿಸಿದ್ರಲ್ಲ, ಆ ಮೊದಲನೇ ಫ್ಯಾನು, ಅದೊಂಚೂರು…"

"ಓಹೋ! ಚೂರು ಆರಿಸೋಳು ಒಲೆಗೆ ಬುದ್ಧಿ ಹೇಳೋ ಕಾಲ ಬಂತಾ? ಸಾಲಿನ ಮೇಲ್ವಿಚಾರಕಿ ಆಗಿ ಬಾ ತಾಯಿ, ಆಮೇಲೆ ಕೈ ಕಟ್ಕೊಂಡು ನಿಂತು ಕೇಳ್ತೀನಿ."

ಮೇಸ್ತ್ರಿ ಕುಹಕಕ್ಕೆಂದು ಆಡಿದ ಮಾತು ಚೂರಕ್ಕನ ಕಿವಿಯಲ್ಲಿ ಉಪದೇಶವಾಗಿ ನಿಂತಿತು. ಏಕೆಂದರೆ ಮೇಲ್ವಿಚಾರಕಿಯ ಜಾಗ ನಿಜವಾಗಿಯೂ ಖಾಲಿಯಿತ್ತು. ಹತ್ತು ವರ್ಷ ದುಡಿದವರು ಯಾರು ಬೇಕಾದರೂ ಅರ್ಜಿ ಹಾಕಬಹುದೆಂದು ಗೋಡೆಯ ಹಲಗೆಯ ಮೇಲೆ ಬರೆದಿತ್ತು. ಅಡ್ಡಿ ಒಂದೇ. ಆರು ತಿಂಗಳು ಬಿಟ್ಟು ಮಾಲೀಕರ ಕಡೆಯ ತಪಾಸಣೆಯಮ್ಮ ಬರುವರು. ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಅವರೆದುರು ಹತ್ತು ನಿಮಿಷ ತಮ್ಮ ಕೆಲಸದ ಬಗ್ಗೆ ಅವರಿಗೆ ತಿಳಿಯುವಂತೆ ಮಾತನಾಡಿದವರಿಗೆ ಆ ಜಾಗ.

ಚೂರಕ್ಕನಿಗೆ ಇಂಗ್ಲಿಷಿನ ಅಕ್ಷರ ಗೊತ್ತು, ಹಾಳುಮೂಳು ಪದ ನಾಲ್ಕು ಗೊತ್ತು. ವಾಕ್ಯವೆಂಬುದು ಗೊತ್ತಿಲ್ಲ.

ಮನೆಯಲ್ಲಿ ಕಿಟಕಿಯ ಬಳಿಯ ಬೆತ್ತದ ಕುರ್ಚಿ ಮಾವನದು. ಮಾವ ನಲವತ್ತು ವರ್ಷ ಶಾಲೆಯಲ್ಲಿ ಹಳೆಯ ವ್ಯಾಕರಣ ಕಲಿಸಿ ನಿವೃತ್ತರಾದವರು. ಇಂಗ್ಲಿಷನ್ನು ಯಾರ ಬಾಯಿಂದಲೂ ಕೇಳದೆ ಪುಸ್ತಕದಿಂದಲೇ ಆಳವಾಗಿ ಓದಿಕೊಂಡವರು. ಅವರೆದುರಿನ ಮಣೆಯ ಮೇಲೆ ಅತ್ತೆ. ಅತ್ತೆಯ ಮುಂದೆ ಲೋಟದ ಚಹಾ, ಮಗ್ಗುಲಲ್ಲಿ ಸೊಸೆ ತಂದ ಚೂರುಗಳ ತಟ್ಟೆ. ಕೆಲಸದವರಿಗೆ ಕಾರ್ಖಾನೆ ಚೂರನ್ನು ಸುಮ್ಮನೆ ಕೊಡುತ್ತಿತ್ತು.

"ಹನ್ನೆರಡು ವರ್ಷದಿಂದ ಬಿಸ್ಕತ್ತು ಕಾರ್ಖಾನೆ ಸೊಸೆ ಇದ್ದಾಳೆ. ಇಡೀ ಬಿಸ್ಕತ್ತು ಹೆಂಗಿರುತ್ತೆ ಅಂತ ನಾನು ಅಂಗಡಿ ಗಾಜಲ್ಲೇ ನೋಡಬೇಕು" ಎಂದು ಅತ್ತೆ ಪ್ರತಿ ಸಂಜೆ ಮೂಗು ಮುರಿಯುತ್ತಿದ್ದರು. ಮುರಿದರೂ ತಟ್ಟೆಯನ್ನು ಖಾಲಿ ಮಾಡದೆ ಏಳುತ್ತಿರಲಿಲ್ಲ.

ಚೂರಕ್ಕ ವಿಷಯ ಹೇಳಿದಳು. ಮಾವ ಕನ್ನಡಕ ತೆಗೆದು ಒರೆಸಿದರು.

"ಎಷ್ಟು ಕಾಲ ಇದೆ ಮಗಳೇ?"

"ಆರು ತಿಂಗಳು, ಮಾವ. ಪ್ಯಾಕಿಂಗ್ ಸಾಲಿನ ಪಟಪಟಿ ಆಗಲೇ ಸಾವಿರ ಪದದ ಪುಸ್ತಕ ತಂದಿದ್ದಾಳಂತೆ."

"ಆರು ತಿಂಗಳಾ? ಹಾಗಾದರೆ ಒಂದು ಕ್ರಿಯಾಪದ ಕಲಿಯಬಹುದು."

"ತಿಂಗಳಿಗೆ ಒಂದಾ?" ಅತ್ತೆ ಚಹಾ ಕೆಳಗಿಟ್ಟರು.

"ಅಲ್ಲ ಕಣೇ. ಆರು ತಿಂಗಳಿಗೆ ಒಂದು."

"ದೇವರೇ! ಹಂಗಾದ್ರೆ ಪೂರ್ತಿ ಭಾಷೆ ಕಲಿಯೋ ಹೊತ್ತಿಗೆ ಮುಂದಿನ ಜನ್ಮದಲ್ಲಿ ಇವಳ ಮೊಮ್ಮಕ್ಕಳ ಮದುವೆ ಆಗಿರುತ್ತೆ."

ಮಾವ ನಗಲಿಲ್ಲ. "ನೋಡು ತಾಯಿ, ವಸ್ತುವಿನ ಹೆಸರು ಗೊತ್ತಿಲ್ಲದಿದ್ದರೆ ಬೆರಳು ತೋರಿಸಬಹುದು. ಫ್ಯಾನಿಗೆ ತೋರಿಸು, ಒಲೆಗೆ ತೋರಿಸು. ಆದರೆ ಏನಾಯ್ತು ಅನ್ನೋದನ್ನ ಬೆರಳಲ್ಲಿ ತೋರಿಸೋಕಾಗಲ್ಲ. ಅದಕ್ಕೆ ಕ್ರಿಯಾಪದ ಬೇಕು. ಹತ್ತು ಕಡೆ ಒಂದೊಂದು ಮೊಳ ತೋಡಿದರೆ ನೀರು ಬರಲ್ಲ, ಒಂದೇ ಕಡೆ ಹತ್ತು ಮೊಳ ತೋಡಬೇಕು. ನಿನ್ನ ಕೆಲಸ ಏನು?"

"ಮುರಿದದ್ದು ಆರಿಸೋದು."

"ಅವರ ಭಾಷೇಲಿ ಅದಕ್ಕೆ ಬ್ರೇಕ್ ಅಂತಾರೆ. ದೇವನೊಬ್ಬ ನಾಮ ಹಲವು ಅಂತೀವಲ್ಲ, ಇಲ್ಲಿ ಅದು ತಿರುವುಮುರುವು: ನಾಮ ಒಂದು, ರೂಪ ಹಲವು. ಅದರ ಎಲ್ಲ ರೂಪದ ದರ್ಶನ ಆದರೆ ಸಾಕು, ಹತ್ತು ನಿಮಿಷ ಏನು, ಒಂದು ಆಯುಷ್ಯ ಮಾತಾಡಬಹುದು."

ಅಷ್ಟರಲ್ಲಿ ಮನೆಗೆ ಬಂದ ಗಂಡ, ಬಸ್ಸಿನ ಚಾಲಕ, ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡು, "ಬ್ರೇಕಾ? ಅದನ್ನ ಕಲಿಯೋಕೆ ಆರು ತಿಂಗಳು ಯಾಕಪ್ಪ? ಬಲಗಾಲು ಒತ್ತಿದರೆ ಆಯ್ತು" ಎಂದ.

"ಅದು ಬೇರೆ ಶಬ್ದ ಕಣೋ ಪುಣ್ಯಾತ್ಮ. ನೀನು ಹೋಗಿ ಕೈಕಾಲು ತೊಳಿ."

ಮಾವ ಒಂದು ಉದ್ದನೆಯ ನೋಟು ಪುಸ್ತಕದಲ್ಲಿ ಹಾಳೆಗೊಂದು ಅರ್ಥವನ್ನು ಬರೆದರು. ಮೂವತ್ತೊಂದು ಹಾಳೆಗಳಾದವು. ಅವರ ಪಾಠಕ್ಕೆ ಒಂದು ಕಟ್ಟಳೆಯಿತ್ತು: ಆ ಅರ್ಥವನ್ನು ಚೂರಕ್ಕ ತಾನೇ ಮಾಡಿರಬೇಕು, ಇಲ್ಲವೇ ಅದು ಅವಳ ಕಣ್ಣೆದುರು ಆಗಿರಬೇಕು, ಆಗ ಮಾತ್ರ ಹಾಳೆಯ ಮೂಲೆಗೆ ಗುರುತು. "ಮಾಡದೇ ಕಲಿತ ಅರ್ಥ ಎರವಲು ಒಡವೆ ಇದ್ದ ಹಾಗೆ ಮಗಳೇ. ಮೈಮೇಲೆ ಇದ್ದರೂ ನಿನ್ನದಲ್ಲ, ಸಮಯಕ್ಕೆ ಕೈಕೊಡುತ್ತೆ."

ಮೊದಲ ಹಾಳೆ ಸುಲಭವಾಗಿ ಸಿಕ್ಕಿತು, ಕಡ್ಡಿ ಮುರಿದಳು. ಎರಡನೆಯದಕ್ಕೆ ಕಾರ್ಖಾನೆ ಕೊಟ್ಟ ಹೊಸ ಬೂಟು ಒದಗಿತು. ಮರದಂತೆ ಗಟ್ಟಿಯಿದ್ದ ಆ ಚರ್ಮವನ್ನು ಎಂಟು ದಿನ ಹಿಮ್ಮಡಿಯ ಬೊಬ್ಬೆಯಿಂದ ಮೆತ್ತಗೆ ಮಾಡಿದ ಮೇಲೆ, ನಾವು ಪಳಗಿಸುವುದು ಎನ್ನುವುದನ್ನು ಅವರು ಮುರಿಯುವುದು ಎನ್ನುವರೆಂದು ಅವಳಿಗೆ ಮನದಟ್ಟಾಯಿತು. ಗಂಡನಿಗೆ ಜ್ವರ ಬಂದು ನಾಲ್ಕನೆಯ ದಿನ ಬೆಳಗಿನ ಜಾವ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಅದೇ ಹೊತ್ತಿಗೆ ಎದುರು ಮನೆಯ ಗೋಡೆಯ ಮೇಲೆ ಬೆಳಕು ಬಿತ್ತು. ನಮ್ಮಲ್ಲಿ ಜ್ವರ ಬಿಡುತ್ತದೆ, ಬೆಳಗು ಹರಿಯುತ್ತದೆ. ಅವರಲ್ಲಿ ಎರಡೂ ಮುರಿಯುತ್ತವೆ. ಮಾವ ಹಾಸಿಗೆಯಿಂದೆದ್ದು ಕೂತು, ಮಗನ ಹಣೆ ಮುಟ್ಟಿ ನೋಡಿ, ದೇವರಿಗೆ ಕೈ ಮುಗಿದು, ಎರಡು ಹಾಳೆಗೆ ಒಟ್ಟಿಗೇ ಗುರುತು ಹಾಕಿದರು.

ಸುದ್ದಿಯ ಹಾಳೆ ಮಾತ್ರ ಅನಾಹುತದ ಬೆನ್ನೇರಿ ಬಂತು. ಅತ್ತೆ ತವರಿನಿಂದ ತಂದು ನಲವತ್ತೈದು ವರ್ಷ ಕಾಪಾಡಿದ್ದ ಗಾಜಿನ ಭರಣಿ ಚೂರಕ್ಕನ ಕೈಜಾರಿ ನೆಲಕ್ಕೆ ಬಿತ್ತು. ಅತ್ತೆ ಅಂಗಡಿಗೆ ಹೋಗಿದ್ದರು. ಚೂರಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಮಾವನ ಮುಖದಲ್ಲಿ ಮಾತ್ರ ಮೇಷ್ಟರ ಕಳೆ ಉಕ್ಕಿತು.

"ಅಳಬೇಡ ಮಗಳೇ, ಒಂದೇ ಏಟಿಗೆ ಎರಡು ಅರ್ಥ! ಭರಣಿ ಒಡೀತು, ಅದೊಂದು. ಇನ್ನು ಆ ಸುದ್ದಿಯನ್ನ ಅವಳೆದುರು ಮೆಲ್ಲಗೆ ಒಡೀಬೇಕಲ್ಲ, ಅದು ಹನ್ನೊಂದನೇ ಹಾಳೆ. ಬಂದಳು ನೋಡು, ಹೋಗು."

"ಮಾವ, ನೀವೂ ಬನ್ನಿ."

"ಪಾಠ ನಿನ್ನದು."

ಅತ್ತೆ ಸುದ್ದಿ ಕೇಳಿ ಏನೂ ಅನ್ನಲಿಲ್ಲ. ಮೂರು ದಿನ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಪಾತ್ರೆಗಳು ಕೂಡ ಸದ್ದಿಲ್ಲದೆ ಕೂತವು. ನಾಲ್ಕನೆಯ ಬೆಳಿಗ್ಗೆ ಅಡುಗೆಮನೆಯಿಂದ, "ಉಪ್ಪು ಎಲ್ಲಿಟ್ಟಿದ್ದೀಯೇ?" ಎಂಬ ಧ್ವನಿ ಕೇಳಿತು. ಚೂರಕ್ಕ ಓಡಿದಳು. ಕಿಟಕಿಯ ಬಳಿ ಪೆನ್ಸಿಲು ಗೀಚಿದ ಸದ್ದಾಯಿತು: ಮೌನ ಮುರಿಯಿತು.

"ಗುರುತು ಹಾಕಿಕೊಳ್ಳಿ, ಹಾಕಿಕೊಳ್ಳಿ" ಎಂದರು ಅತ್ತೆ ಒಳಗಿಂದಲೇ. "ನನ್ನ ಭರಣಿ ಮೇಲೆ ನಿಮ್ಮ ವಿದ್ಯಾಲಯ ನಡೀಲಿ."

ಕೊಟ್ಟ ಮಾತು ಮುರಿಯುವ ಹಾಳೆ ಬಂದಾಗ ಚೂರಕ್ಕ ಒಪ್ಪಲೇ ಇಲ್ಲ. ಮಾವ ಆ ಹಾಳೆಯನ್ನು ನಿಧಾನವಾಗಿ ಮಡಿಸಿದರು. "ಸರಿಯೇ. ಕೆಲವು ಅರ್ಥ ತಿಳಿದಿದ್ದರೆ ಸಾಕು." ಇನ್ನು ಕಟ್ಟಕಡೆಯ ಹಾಳೆಯ ವಿಚಾರ ಬಂದಾಗ, "ಇದು ಹಳೇ ಕಾಲದ ಮಾತು, ಅವರ ದೇವರ ಪುಸ್ತಕದಲ್ಲಿ ಬರುತ್ತೆ. ರೊಟ್ಟಿ ಮುರಿದು ಒಬ್ಬರು ಇನ್ನೊಬ್ಬರ ಕೈಗಿಡೋದು. ಇದನ್ನ ನೀನು ಮಾಡಿದರೆ ಲೆಕ್ಕಕ್ಕಿಲ್ಲ, ನಿನಗೆ ಯಾರಾದರೂ ಮಾಡಬೇಕು. ಕಾಯಬೇಕು" ಎಂದರು.

ಕಾರ್ಖಾನೆಯಲ್ಲಿ ಚಹಾದ ಬಿಡುವು ಬಂದರೆ ಪಟಪಟಿಗೆ ಬೇರೆ ಮನರಂಜನೆ ಬೇಕಿರಲಿಲ್ಲ. ಅವಳು ನಾಲಿಗೆಗೆ ಎಣ್ಣೆ ಹಚ್ಚಿಕೊಂಡು ಹುಟ್ಟಿದವಳು, ಮನಸ್ಸು ಕೆಟ್ಟದ್ದಲ್ಲ.

"ಚೂರಕ್ಕಾ, ನಂದು ಆರ್‌ನೂರ ಎಂಬತ್ತಾಯ್ತು. ನಿಮ್ದು?"

"ಒಂದು."

"ಹೋದ ತಿಂಗಳೂ ಒಂದೇ ಅಂದ್ರಿ!"

"ಅದೇ ಒಂದು."

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ದೂರದಿಂದ ಮೇಸ್ತ್ರಿ, "ನಗಬೇಡ್ರಮ್ಮಾ, ಕೈಯಲ್ಲಿರೋ ಬಿಸ್ಕತ್ತು ಮುರಿದೀತು" ಎಂದ. ನಗು ನಿಂತುಹೋಯಿತು. ಚೂರಕ್ಕ ಆ ನಲವತ್ತು ಮುಖಗಳನ್ನು ನೋಡಿದಳು. ಲೋಟ ತೊಳೆದಿಟ್ಟು, ತನ್ನ ಕೋಣೆಗೆ ಹೋಗಿ, ಹೊಸ ತಟ್ಟೆಯ ಮುಂದೆ ಕುಳಿತಳು. ಪೊಟ್ಟಣ ತುಂಬುವವರ ಕೈ ಮುಟ್ಟುವ ಮುನ್ನವೇ ಒಳಗೆ ಮುರಿದಿರುವ ಬಿಸ್ಕತ್ತನ್ನು ಗುರುತಿಸುವ ಉಪಾಯವೊಂದನ್ನು ಅವಳು ಅಷ್ಟರಲ್ಲಿ ಕಂಡುಕೊಂಡಿದ್ದಳು: ಉಗುರಿನಿಂದ ತಟ್ಟುವುದು. ಗಟ್ಟಿಯಾದದ್ದು ಹೊಸ ಮಡಕೆಯಂತೆ ಟಣ್ ಎನ್ನುತ್ತದೆ. ಒಳಗೆ ಬಿರಿದದ್ದು ಹಳೆಯ ಮಡಕೆಯಂತೆ ಟಪ್ ಎನ್ನುತ್ತದೆ. ಮಾವ ಅದನ್ನು ಕೇಳಿ ಎರಡು ದಿನ ಹಿಗ್ಗಿದ್ದರು. "ನಾನು ಶಬ್ದವನ್ನ ತಟ್ಟಿ ನೋಡ್ತೀನಿ, ನೀನು ಬಿಸ್ಕತ್ತು ತಟ್ಟಿ ನೋಡ್ತೀಯ. ವಿದ್ಯೆ ಒಂದೇ" ಎಂದಿದ್ದರು.

ಪರೀಕ್ಷೆಯ ದಿನ ಮ್ಯಾನೇಜರ ಕೋಣೆಯ ಉದ್ದ ಮೇಜಿನ ಹಿಂದೆ ಮೂವರು ಕುಳಿತಿದ್ದರು. ನಡುವೆ ತಪಾಸಣೆಯಮ್ಮ: ಬೆಳ್ಳಿ ಕೂದಲು, ಕೊರಳಿಗೆ ದಾರದಲ್ಲಿ ತೂಗುವ ಕನ್ನಡಕ. ಎಡಕ್ಕೆ ಮ್ಯಾನೇಜರು. ಬಲಕ್ಕೆ, ಒಲೆಯ ಅನುಭವಿ ಎಂಬ ಗೌರವದಿಂದ, ಮೇಸ್ತ್ರಿ. ಮೇಜಿನ ಮೇಲೆ ಅಂದೇ ಬೆಳಿಗ್ಗೆ ತುಂಬಿದ ಬಿಸ್ಕತ್ತಿನ ಪೊಟ್ಟಣವೊಂದನ್ನು ಅತಿಥಿಗೆಂದು ಇಟ್ಟಿದ್ದರು.

ಮೊದಲು ಒಳಹೋದ ಪಟಪಟಿ ಆರೇ ನಿಮಿಷದಲ್ಲಿ ಹೊರಬಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಕ್ಕಾ, ಸಾವಿರ ಪದ ಬಾಯಲ್ಲಿ ಕ್ಯೂ ನಿಂತಿದ್ವು. ಆಯಮ್ಮ ಪದ ಕೇಳಲೇ ಇಲ್ಲ, ಪ್ರಶ್ನೆ ಕೇಳಿಬಿಟ್ಳು!"

ಚೂರಕ್ಕ ತನ್ನ ಮೂರು ಡಬ್ಬಿಗಳನ್ನು ಎದೆಗವಚಿಕೊಂಡು ಒಳಗೆ ಹೋದಳು. ಮೇಸ್ತ್ರಿಯ ಮೀಸೆ ಒಂದು ಕಡೆಗೆ ಏರಿತು.

ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚೂರಕ್ಕ ಡಬ್ಬಿಗಳನ್ನು ಮೇಜಿನ ಮೇಲಿಟ್ಟು ನಿಂತಳು. ಅರ್ಧ ನಿಮಿಷ ಹೋಯಿತು. ಆಗ ಅವಳಿಗೆ ಅಡುಗೆಮನೆಯಿಂದ ಉಪ್ಪು ಕೇಳಿದ ಧ್ವನಿ ನೆನಪಾಯಿತು.

"ಮೇಡಮ್," ಎಂದಳು, "ಐ ಬ್ರೇಕ್ ಸೈಲೆನ್ಸ್."

ತಪಾಸಣೆಯಮ್ಮ ಕನ್ನಡಕ ಏರಿಸಿಕೊಂಡರು.

ಒಮ್ಮೆ ಬಾಗಿಲು ತೆರೆದ ಮೇಲೆ ಚೂರಕ್ಕ ತಿರುಗಿ ನೋಡಲಿಲ್ಲ. ಬೆಳಗು ಬ್ರೇಕ್, ತಾನು ಏಳುವೆ. ಹೊಸ ಬೂಟು, ಎಂಟು ದಿನ, ಬ್ರೇಕ್. ಬೂಟು ಎತ್ತಿ ತೋರಿಸಿದಳು. ಗಂಡನಿಗೆ ಜ್ವರ, ನಾಲ್ಕು ದಿನ, ಬ್ರೇಕ್, ದೇವರು ದೊಡ್ಡವನು. ಮೇಲಕ್ಕೆ ಕೈ ಮುಗಿದಳು. ಅತ್ತೆಯ ಭರಣಿ ಬ್ರೇಕ್. ಸುದ್ದಿ, ಮೆಲ್ಲಗೆ, ಬ್ರೇಕ್. ಮೂರು ದಿನ ಅತ್ತೆ ಮೌನ. ಕ್ರಿಯಾಪದ ಒಂದೇ, ಮಿಕ್ಕದ್ದನ್ನು ನಾಲ್ಕು ನಾಮಪದಗಳೂ ಎರಡು ಕೈಗಳೂ ಒಂದು ಮುಖವೂ ಹಂಚಿಕೊಂಡವು. ತಪಾಸಣೆಯಮ್ಮ ತಲೆಯಾಡಿಸುತ್ತಲೇ ಇದ್ದರು. ಆ ಭರದಲ್ಲಿ ಚೂರಕ್ಕ ಮಾವನ ಮೂವತ್ತೊಂದು ಹಾಳೆಗಳಲ್ಲಿ ಇಲ್ಲದ ಒಂದು ಅರ್ಥವನ್ನೂ ತನ್ನ ಮಾತಿನಿಂದಲೇ ತಂದು ಸೇರಿಸಿಬಿಟ್ಟಳು.

"ಮೈ ಮದರ್ ಇನ್ ಲಾ, ಎವ್ರಿಡೇ, ನೋಸ್ ಬ್ರೇಕ್!"

ತಪಾಸಣೆಯಮ್ಮನ ಕೈಯಿಂದ ಪೆನ್ನು ಜಾರಿತು. "ಯುವರ್ ನೋಸ್?"

"ನೋ, ನೋ! ಹರ್ ನೋಸ್."

ಅವರ ಮುಖ ಇನ್ನೂ ಕಳವಳಗೊಂಡಿತು. ಮ್ಯಾನೇಜರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಚೂರಕ್ಕ ಬೇರೆ ದಾರಿ ಕಾಣದೆ, ತಾನೇ ಮಣೆಯ ಮೇಲೆ ಕುಳಿತ ಅತ್ತೆಯಾಗಿ, ಚೂರಿನ ತಟ್ಟೆಯತ್ತ ಒಮ್ಮೆ ನೋಡಿ, ಮೂಗನ್ನು ಒಂದು ಪಕ್ಕಕ್ಕೆ ತಿರುಚಿ ತೋರಿಸಿದಳು. ತಪಾಸಣೆಯಮ್ಮ ಒಂದು ಕ್ಷಣ ದಿಟ್ಟಿಸಿ, ಆಮೇಲೆ ಕುರ್ಚಿಗೊರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಮೈನ್ ಟೂ!" ಎಂದರು. ಅತ್ತೆಯೆಂಬುವರು ಎಲ್ಲ ದೇಶದಲ್ಲಿಯೂ ಇದ್ದಾರೆಂಬುದು ಚೂರಕ್ಕನಿಗೆ ಆಗ ತಿಳಿಯಿತು.

ನಗು ಅಡಗಿದ ಮೇಲೆ ಅವರು ಮುಂದಕ್ಕೆ ಬಾಗಿದರು. ಕಷ್ಟದ ಪದ ಒಂದನ್ನೂ ಬಳಸದೆ, ಚೂರಕ್ಕನ ಭಾಷೆಯಲ್ಲೇ, ಬಿಸ್ಕತ್ತಿನ ಪೊಟ್ಟಣವನ್ನು ತೋರಿಸಿ ಕೇಳಿದರು: "ವೈ ಬ್ರೇಕ್?"

ಆರು ತಿಂಗಳು ಕಾದ ಪ್ರಶ್ನೆ ಬಂದಿತ್ತು. ಮೇಸ್ತ್ರಿ ಕುರ್ಚಿಯಲ್ಲಿ ಅಲುಗಿ, "ಕೈ, ಮತ್ತಿನ್ನೇನು" ಎಂದು ಗೊಣಗಿದ.

ಚೂರಕ್ಕ ಪೊಟ್ಟಣ ಬಿಚ್ಚಿದಳು. ಹನ್ನೆರಡು ಬಿಸ್ಕತ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹನ್ನೆರಡೂ ಇಡಿಯಾಗಿ, ಕಂದು ಬಣ್ಣದಲ್ಲಿ, ನೋಡಲು ಮುದ್ದಾಗಿದ್ದವು. ಒಂದೊಂದನ್ನೂ ಎರಡು ಬೆರಳಲ್ಲಿ ಹಗುರಾಗಿ ಎತ್ತಿ, ಕಿವಿಯ ಬಳಿ ಹಿಡಿದು, ಉಗುರಿನಿಂದ ತಟ್ಟಿದಳು. ಟಣ್. ಟಣ್. ಟಪ್. ಐದನ್ನು ಈಚೆಗೆ ಇಟ್ಟಳು.

"ದಿಸ್ ಬ್ರೋಕನ್."

"ಇಡೀದಾಗಿ ಇದೆಯಲ್ಲಮ್ಮ" ಎಂದರು ಮ್ಯಾನೇಜರು.

ಅವಳು ಒಂದನ್ನು ಅಂಗೈ ಮೇಲಿಟ್ಟು ತಪಾಸಣೆಯಮ್ಮನ ಮುಂದೆ ಹಿಡಿದಳು. ಅವರು ಅದರ ಒಂದು ತುದಿಯನ್ನು ಹೂವೆತ್ತುವಂತೆ ಎತ್ತಿದರು. ಅರ್ಧ ಅವರ ಬೆರಳುಗಳ ನಡುವೆ ಬಂತು, ಅರ್ಧ ಚೂರಕ್ಕನ ಅಂಗೈಯಲ್ಲೇ ಉಳಿಯಿತು. ಸೀಳು ಬೈತಲೆಯಂತೆ ನೇರವಾಗಿತ್ತು. ಎರಡನೆಯದೂ ಹಾಗೆಯೇ. ಐದಕ್ಕೆ ಐದೂ ಹಾಗೆಯೇ. ಬಳಿಕ ಅವರು ತಾವೇ ಟಣ್ ಎಂದ ಬಿಸ್ಕತ್ತೊಂದನ್ನು ಎತ್ತಿ ಅಲುಗಿಸಿದರು, ಮೇಜಿನ ಮೇಲೆ ಕುಟ್ಟಿದರು. ಅದು ಮುರಿಯಲಿಲ್ಲ.

ಚೂರಕ್ಕ ಡಬ್ಬಿಗಳ ಮುಚ್ಚಳ ತೆರೆದಳು. ಮುಕ್ಕಾದ ಮೂಲೆಗಳು ಡಬ್ಬಿಯ ತಳದಲ್ಲಿ ಒಂದು ಹಿಡಿ. "ಹ್ಯಾಂಡ್ ಬ್ರೇಕ್." ಕಚ್ಚಿದ ಅಂಚುಗಳು ಎರಡು ಹಿಡಿ. "ಬೆಲ್ಟ್ ಬ್ರೇಕ್." ಮೂರನೆಯ ಡಬ್ಬಿಯ ಮುಚ್ಚಳ ತೆಗೆದೊಡನೆ ಚೂರುಗಳು ಮೇಜಿನ ಮೇಲೆ ಹರಡಿದವು, ಎಲ್ಲವೂ ನಡು ಸೀಳಿದವು. ಅವಳು ಎರಡೂ ಕೈಯಿಂದ ಒಲೆಯ ಬಾಯಿ ಬರೆದಳು, ತುಟಿಯಿಂದ ಫ್ಯಾನಿನ ಗಾಳಿ ಊದಿದಳು. "ಹಾಟ್. ಫ್ಯಾನ್. ಬ್ರೇಕ್." ಆಮೇಲೆ ಕಿಟಕಿಯ ಗಾಜಿನಾಚೆ ತಲೆಬಾಗಿಸಿ ಪೊಟ್ಟಣ ತುಂಬುತ್ತಿದ್ದ ನಲವತ್ತು ಜನರ ಕಡೆ ಬೆರಳು ಚಾಚಿದಳು.

"ವುಮನ್ ಹ್ಯಾಂಡ್, ಮೇಡಮ್, ನೋ ಬ್ರೇಕ್."

ಹತ್ತು ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಗಡಿಯಾರವನ್ನು ಯಾರೂ ನೋಡಿರಲಿಲ್ಲ. ತಪಾಸಣೆಯಮ್ಮ ಎದ್ದು ನಿಂತರು. ಮ್ಯಾನೇಜರೂ ಎದ್ದರು. ಮೇಸ್ತ್ರಿ ಏಳುವ ಮುನ್ನ ಮೂರನೆಯ ಡಬ್ಬಿಯ ಒಂದು ಚೂರನ್ನು ಎತ್ತಿ, ಸೀಳಿನ ಮೇಲೆ ಹೆಬ್ಬೆರಳಾಡಿಸಿದ. ಮೂವತ್ತು ವರ್ಷ ಒಲೆಯ ಮುಂದೆ ಬೆಂದ ಮನುಷ್ಯನಿಗೆ ಆ ಸೀಳಿನ ಭಾಷೆ ತಿಳಿಯದ್ದೇನಲ್ಲ. ತಾನೇ ಹಾಕಿಸಿದ ಫ್ಯಾನೆಂಬ ಮೋಹ ಕಣ್ಣು ಕಟ್ಟಿತ್ತು, ಅಷ್ಟೆ.

ಒಲೆಯ ಬಾಯಿಗೆ ಹತ್ತಿರ ಇದ್ದ ಮೊದಲನೆಯ ಫ್ಯಾನನ್ನು ಮೂರು ದಿನ ನಿಲ್ಲಿಸಿ ನೋಡುವುದೆಂದು ಅಂದೇ ತೀರ್ಮಾನವಾಯಿತು. ಮೂರನೆಯ ದಿನ ಸಂಜೆ ತಪಾಸಣೆಯಮ್ಮ ತಾವೇ ಗೋದಾಮಿಗೆ ಹೋಗಿ, ಮನಸ್ಸಿಗೆ ಬಂದ ಕಡೆಯಿಂದ ಹತ್ತು ಪೊಟ್ಟಣ ಎತ್ತಿ ತಂದು, ಸಾಲಿನ ಮಧ್ಯದ ಮೇಜಿನ ಮೇಲೆ ಬಿಚ್ಚಿದರು. ಯಂತ್ರಗಳನ್ನು ನಿಲ್ಲಿಸಿದ್ದರು. ನಲವತ್ತು ಹೆಂಗಸರು ಸುತ್ತ ನಿಂತರು. ಚೂರಕ್ಕ ತಟ್ಟುತ್ತ ಹೋದಳು.

ಟಣ್. ಟಣ್. ಟಣ್. ಎಪ್ಪತ್ತು ದಾಟಿತು, ನೂರು ದಾಟಿತು. ನೂರ ಇಪ್ಪತ್ತು ಬಿಸ್ಕತ್ತುಗಳಲ್ಲಿ ಎರಡು ಮಾತ್ರ ಟಪ್ ಎಂದವು. ಕೊನೆಯದು ಟಣ್ ಎಂದಾಗ ಯಾರೋ ಒಬ್ಬಳು ಅತ್ತಳು, ಇನ್ನೊಬ್ಬಳು ನಕ್ಕಳು, ಪಟಪಟಿ ಮಾತ್ರ ತನ್ನ ಸಾವಿರ ಪದಗಳಲ್ಲಿ ಸರಿಯಾದ ಒಂದನ್ನು ಸರಿಯಾದ ಕಾಲದಲ್ಲಿ ಮೊದಲ ಸಲ ಬಳಸಿದಳು: "ರೆಕಾರ್ಡ್!" ಎಂದು ಕೂಗಿದಳು. ನಲವತ್ತು ಗಂಟಲುಗಳು ಒಟ್ಟಿಗೆ ಅದಕ್ಕೆ ಕ್ರಿಯಾಪದ ಕೂಡಿಸಿದವು: "ಬ್ರೇಕ್!" ಛಾವಣಿಯ ತಗಡು ಅದನ್ನು ಇನ್ನೊಮ್ಮೆ ಹೇಳಿತು.

ತಪಾಸಣೆಯಮ್ಮ ಮೇಲ್ವಿಚಾರಕಿಯ ನೀಲಿ ಟೋಪಿಯನ್ನು ಚೂರಕ್ಕನ ತಲೆಗೆ ತಾವೇ ಇಟ್ಟರು. ಸ್ವಲ್ಪ ದೊಡ್ಡದಾಗಿ ಕಿವಿ ಮುಚ್ಚಿತು. ಯಂತ್ರದ ಕೈಗಳ ಆಲೋಚನೆಯನ್ನು ಕೈಬಿಟ್ಟಿರುವುದಾಗಿ ಮ್ಯಾನೇಜರು ಎಲ್ಲರಿಗೂ ಕೇಳುವಂತೆ ಹೇಳಿದರು. ಗದ್ದಲದ ನಡುವೆ ಮೇಸ್ತ್ರಿ ಬಂದು ಎದುರು ನಿಂತ. ನಿಜವಾಗಿಯೂ ಕೈ ಕಟ್ಟಿಕೊಂಡಿದ್ದ.

"ಹೇಳು ತಾಯಿ. ಕೇಳ್ತೀನಿ ಅಂದಿದ್ದೆನಲ್ಲ."

"ಕೈ ಬಿಡಿ ಮೇಸ್ತ್ರಿ, ಕೆಲಸ ಇದೆ. ಒಂದು ಬಿಸ್ಕತ್ತು ತಗೊಂಡು ತಟ್ಟಿ, ಕಿವಿ ಹತ್ರ ಹಿಡ್ಕೊಳ್ಳಿ."

ಮೇಸ್ತ್ರಿ ತಟ್ಟಿದ. ಕೇಳಿದ. ಮೀಸೆ ಎರಡೂ ಕಡೆಗೆ ಏರಿತು.

ಆ ಸಂಜೆ ಚೂರಕ್ಕ ಮನೆಗೆ ತಂದದ್ದು ಚೂರಲ್ಲ. ಹೊಳೆಯುವ ಕಾಗದ ಸುತ್ತಿದ, ಒಡೆಯದ ಪೊಟ್ಟಣ. ಅದನ್ನು ಅತ್ತೆಯ ಮುಂದಿನ ತಟ್ಟೆಯಲ್ಲಿಟ್ಟು, ಟೋಪಿ ತೆಗೆದು ಮಾವನ ಮಡಿಲಲ್ಲಿಟ್ಟಳು. ಮಾವ ಅದರ ಅಂಚನ್ನು ತಡವಿ ತಡವಿ ನೋಡಿದರು. ಗಂಡ, "ಇನ್ಮೇಲೆ ಮೇಲ್ವಿಚಾರಕಿಯೋರು ನಮ್ಮ ಬಸ್ಸಲ್ಲಿ ನಿಂತ್ಕೊಂಡು ಬರೋ ಹಾಗಿಲ್ಲ, ಚಾಲಕನ ಹಿಂದಿನ ಸೀಟು ಕಾಯಂ" ಎಂದ.

ಅತ್ತೆ ಕಾಗದ ಬಿಡಿಸಿ, ಒಂದು ಇಡೀ ಬಿಸ್ಕತ್ತನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾಲ್ಕು ಮೂಲೆಯೂ ನೆಟ್ಟಗಿದ್ದವು. ಲೋಟದ ಚಹಾದಲ್ಲಿ ಅದ್ದಲು ಹೋದರು. ಬಿಸ್ಕತ್ತು ಲೋಟದ ಬಾಯಿಗೆ ಅಡ್ಡ ನಿಂತಿತು. ಉದ್ದ ಮಾಡಿ ನೋಡಿದರು, ಓರೆ ಮಾಡಿ ನೋಡಿದರು.

"ಥೂ, ಇಡೀದು ಅಂದ್ರೆ ಇಷ್ಟೇನಾ! ಲೋಟದೊಳಗೇ ಹೋಗಲ್ಲವಲ್ಲೇ" ಎಂದು ಮೂಗು ಮುರಿದರು. ಬಿಸ್ಕತ್ತನ್ನೂ ಮುರಿದರು. ಅರ್ಧವನ್ನು ಚಹಾಕ್ಕೆ ಅದ್ದಿ ಬಾಯಿಗಿಟ್ಟುಕೊಂಡರು. ಉಳಿದ ಅರ್ಧವನ್ನು, ಸೊಸೆಯ ಮುಖವನ್ನು ನೋಡದೆ, ಅವಳ ಕೈ ಹಿಡಿದೆಳೆದು ಅಂಗೈಯಲ್ಲಿಟ್ಟರು.

"ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು."

ಕಿಟಕಿಯ ಬಳಿ ಮಾವ ನೋಟು ಪುಸ್ತಕದ ಕಟ್ಟಕಡೆಯ ಹಾಳೆ ತೆರೆದು ಪೆನ್ಸಿಲು ಹುಡುಕುತ್ತಿದ್ದರು.